ಬಿಲ್ಡ್ ಆಯ್ತು ಅಂದ್ರೆ ಲೆಕ್ಕ ತಾಳೆ ಆಯ್ತು ಅಂತಲ್ಲ

ಅಲ್ಲಾ ಸ್ವಾಮಿ, ಒಂದು ಪ್ರಶ್ನೆ. ಸಂಜೆ ಶಾಖೆಯಲ್ಲಿ ದಿನದ ಲೆಕ್ಕ ಮುಗಿಸುವಾಗ ಡೆಬಿಟ್ ಕಡೆ ಒಂದು ಮೊತ್ತ, ಕ್ರೆಡಿಟ್ ಕಡೆ ಇನ್ನೊಂದು ಮೊತ್ತ ಬಂತು ಅಂತಿಟ್ಟುಕೊಳ್ಳಿ. ಆಗ ಕಂಪ್ಯೂಟರು ತಾನಾಗಿ "ಎರಡರಲ್ಲಿ ಯಾವುದು ದೊಡ್ಡದೋ ಅದನ್ನೇ ಸರಿ ಅಂತ ಹಿಡಿದಿದ್ದೇನೆ, ನೀವಿನ್ನು ಮನೆಗೆ ಹೋಗಬಹುದು" ಅಂದರೆ ಯಾವ ಮ್ಯಾನೇಜರ್ ಒಪ್ಪುತ್ತಾನೆ? ಒಪ್ಪಿದವನು ಇನ್ಸ್‌ಪೆಕ್ಷನ್ನಿಗೆ ಬಂದವರ ಮುಂದೆ ಏನಂತ ಬಾಯಿ ಬಿಡುತ್ತಾನೆ?

ಆದರೆ ಇದೇ ಕೆಲಸವನ್ನು ದಿನಕ್ಕೆ ನೂರಾರು ಸಲ ಮಾಡುವ ಯಂತ್ರಗಳು ನಮ್ಮ ಪುಣೆಯಲ್ಲೇ ಇವೆ. ಹಿಂಜವಡಿಯಲ್ಲಿ, ಖರಾಡಿಯಲ್ಲಿ, ಮಗರಪಟ್ಟಾದಲ್ಲಿ, ಗಾಜಿನ ಗೋಡೆಗಳ ಹಿಂದೆ. ಅವಕ್ಕೆ ಬಿಲ್ಡ್ ಟೂಲ್ ಅಂತ ಹೆಸರು. ಅವು ಹೀಗೆ ತಮ್ಮಷ್ಟಕ್ಕೆ ತೀರ್ಮಾನ ಮಾಡಿ, ಕೊನೆಗೆ ಹಸಿರು ಅಕ್ಷರದಲ್ಲಿ "ಬಿಲ್ಡ್ ಸಕ್ಸೆಸ್" ಅಂತ ಬರೆದುಬಿಡುತ್ತವೆ. ನಮ್ಮ ನಿಮ್ಮ ಮಕ್ಕಳು ಅದನ್ನು ನೋಡಿ ನಿಟ್ಟುಸಿರು ಬಿಟ್ಟು ಕ್ಯಾಬ್ ಹತ್ತುತ್ತಾರೆ. ಇದು ತಪ್ಪು ಅಂತ ಹೇಳೋದಕ್ಕೇ ಇವತ್ತು ಕೂತಿದ್ದೇನೆ.

"ಬ್ಯಾಂಕಿನವನಿಗೆ ಇದರ ಉಸಾಬರಿ ಯಾಕಪ್ಪ" ಅಂತ ಕೇಳುವವರಿಗೆ ಮೊದಲೇ ಹೇಳಿಬಿಡ್ತೀನಿ. ನಾನು ಓದಿದ್ದು ಬಿ.ಕಾಂ., ಪ್ರೋಗ್ರಾಮರ್ ಅಲ್ಲ. ಆದರೆ ಪುಣೆಗೆ ಬಂದ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಆರು ವರ್ಷ ಬ್ಯಾಂಕಿನ ಐಟಿ ವಿಭಾಗದಲ್ಲಿ ಕಳೆದಿದ್ದೇನೆ. ಹೊರಗಿನ ಕಂಪನಿಗಳು ಬರೆದುಕೊಟ್ಟ ತಂತ್ರಾಂಶವನ್ನು ಪರೀಕ್ಷೆ ಮಾಡಿ "ಸ್ವೀಕರಿಸಿದೆ" ಅಂತ ಸಹಿ ಹಾಕುವ ಕುರ್ಚಿಯಲ್ಲಿ ಕೂತವನು. ಸಹಿ ಹಾಕುವವನಿಗೆ ಕೇಳುವ ಹಕ್ಕಿರುತ್ತೆ. ಕೇಳಿ ಕೇಳಿಯೇ ಇಷ್ಟು ಕಲಿತದ್ದು.

ಈ ಲೋಕದ ಪರಿಚಯ ಇಲ್ಲದವರಿಗೆ ನಾಲ್ಕು ಮಾತು. ಇವತ್ತು ಯಾರೂ ಪ್ರೋಗ್ರಾಮನ್ನು ಪೂರ್ತಿ ತಾವೇ ಬರೆಯಲ್ಲ. ಬೇರೆಯವರು ಬರೆದಿಟ್ಟ ಲೈಬ್ರರಿಗಳನ್ನು ತರಿಸಿಕೊಳ್ಳುತ್ತಾರೆ. ಅದಕ್ಕೆ ಡಿಪೆಂಡೆನ್ಸಿ ಅಂತಾರೆ, ಅವಲಂಬನೆ. ನಮ್ಮ ಪ್ರೋಗ್ರಾಮು 'ಅ' ಮತ್ತು 'ಬ' ಎಂಬ ಎರಡು ಲೈಬ್ರರಿ ತರಿಸಿತು ಅಂತಿಟ್ಟುಕೊಳ್ಳಿ. ಆ ಎರಡಕ್ಕೂ ಮೂರನೆಯ 'ಕ' ಬೇಕು. ಆದರೆ 'ಅ'ಗೆ ಬೇಕಾದ್ದು 'ಕ'ದ 2ನೇ ಆವೃತ್ತಿ, 'ಬ'ಗೆ ಬೇಕಾದ್ದು 4ನೇ ಆವೃತ್ತಿ. ಜಾವಾದಂಥ ಭಾಷೆಯಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದಕ್ಕೆ ಮಾತ್ರ ಜಾಗ. ಯಾವುದಕ್ಕೆ?

ಇಲ್ಲೇ ತಮಾಷೆ ಇರೋದು. ಜಾವಾ ಲೋಕದಲ್ಲಿ ಎರಡು ದೊಡ್ಡ ಬಿಲ್ಡ್ ಟೂಲ್‌ಗಳಿವೆ, ಮೇವನ್ ಮತ್ತು ಗ್ರೇಡಲ್. ಮೇವನ್ನಿನ ನ್ಯಾಯ ಏನು ಗೊತ್ತೇ? ಸಂಬಂಧದಲ್ಲಿ ಯಾರು ಹತ್ತಿರವೋ ಅವರ ಮಾತು ನಡೆಯುತ್ತೆ. ನೀವು ನೇರವಾಗಿ ಕರೆದವರದು ಮೊದಲು, ಅವರು ಕರೆತಂದವರದು ಆಮೇಲೆ. ಇಬ್ಬರೂ ಸಮದೂರದಲ್ಲಿದ್ದರೆ ಫೈಲಿನಲ್ಲಿ ಯಾರ ಹೆಸರು ಮೇಲೆ ಬರೆದಿದೆಯೋ ಅವರು ಗೆದ್ದರು! ಗ್ರೇಡಲ್ಲಿನ ನ್ಯಾಯ ಇನ್ನೂ ಸರಳ. ಯಾರ ಸಂಖ್ಯೆ ದೊಡ್ಡದೋ ಅವರದು. ಗೆದ್ದ ಆವೃತ್ತಿಯಿಂದ ಸೋತವನ ಕೆಲಸ ಆಗುತ್ತೋ ಇಲ್ಲವೋ ಅಂತ ಇಬ್ಬರೂ ಕೇಳಲ್ಲ. ಪೂರ್ವನಿಯೋಜಿತವಾಗಿ ನಿಮಗೆ ತಿಳಿಸುವುದೂ ಇಲ್ಲ. ನಮ್ಮೂರ ಕಡೆ ಹೊಲದ ಬದುವಿನ ಜಗಳಕ್ಕೆ ಕೂತ ಪಂಚರು ಕೂಡ ಇದಕ್ಕಿಂತ ಹೆಚ್ಚು ವಿಚಾರಣೆ ಮಾಡ್ತಾರೆ.

ಇರಲಿ, ಇದು ಸಾಮಾನ್ಯ ಲೈಬ್ರರಿಗಳ ಕತೆ. ನನ್ನ ಸಿಟ್ಟು ಇದರ ಒಂದು ವಿಶೇಷ ಜಾತಿಯ ಮೇಲೆ, ಕೋಡ್ ಜನರೇಟರ್‌ಗಳ ಮೇಲೆ. ಅಂದರೆ ಪ್ರೋಗ್ರಾಮ್ ಬರೆಯುವ ಪ್ರೋಗ್ರಾಮುಗಳು.

ಇದನ್ನು ಅರ್ಥ ಮಾಡಿಸೋಕೆ ನನಗೆ ಪರದೇಶದ ಉದಾಹರಣೆ ಬೇಕಿಲ್ಲ. ಊರು ಬಿಟ್ಟು ಬಂದ ಕನ್ನಡಿಗರೆಲ್ಲ ಇದನ್ನು ಅನುಭವಿಸಿಯೇ ಇದ್ದೇವೆ. ಯೂನಿಕೋಡ್ ಮನೆಮಾತಾಗುವ ಮುಂಚಿನ ದಿನ ನೆನೆಸಿಕೊಳ್ಳಿ. ಊರಿಂದ ಯಾರೋ ನುಡಿಯಲ್ಲೋ ಬರಹದಲ್ಲೋ ಮದುವೆ ಕರೆಯೋಲೆ ಟೈಪು ಮಾಡಿ ಈಮೇಲ್ ಮಾಡ್ತಾರೆ. ಇಲ್ಲಿ ಡೆಕ್ಕನ್ನಿನ ಸೈಬರ್ ಕೆಫೆಯಲ್ಲಿ ಅದನ್ನು ತೆರೆದರೆ ಇಂಗ್ಲಿಷ್ ಅಕ್ಷರ, ಪೌಂಡು, ಸೆಂಟು, ತಲೆಕೆಳಗಾದ ಪ್ರಶ್ನಾರ್ಥಕ... ಒಂದೂ ಕನ್ನಡ ಅಲ್ಲ. ಯಾಕೆ? ಆ ಫೈಲಿನಲ್ಲಿ ಇದ್ದದ್ದು ಕನ್ನಡ ಅಕ್ಷರಗಳಲ್ಲ, ಒಂದು ನಿರ್ದಿಷ್ಟ ಫಾಂಟಿನ ಯಾವ ಮನೆಯಲ್ಲಿ ಯಾವ ಆಕಾರ ಇದೆ ಎಂಬ ಸಂಖ್ಯೆಗಳು. ಬರೆದವರ ಫಾಂಟೇ ಓದುವವರ ಬಳಿಯೂ ಇರಬೇಕು. ಇಲ್ಲದಿದ್ದರೆ ಫೈಲಿಗೆ ಏನೂ ಆಗಿಲ್ಲ, ಆದರೂ ಓದಲು ಬರಲ್ಲ. ಕಂಪ್ಯೂಟರು ಮಾತ್ರ "ಫಾಂಟ್ ಇಲ್ಲ" ಅಂತ ನಿಲ್ಲುತ್ತಿರಲಿಲ್ಲ. ಸುಮ್ಮನೆ ತನ್ನ ಕೈಗೆ ಸಿಕ್ಕ ಇನ್ನೊಂದು ಫಾಂಟು ಹಾಕಿ ತೋರಿಸಿಬಿಡುತ್ತಿತ್ತು. ಆ ಸುಮ್ಮನೆ ಎಂಬುದೇ ರೋಗ.

ಇದಕ್ಕೆ ಮದ್ದು ಹುಡುಕಿದವರಲ್ಲಿ ನಮ್ಮ ಪುಣೆಯವರೂ ಇದ್ದರು ಅನ್ನೋದನ್ನ ಹೇಳದಿದ್ದರೆ ಊರಿನ ಋಣ ತೀರಲ್ಲ. 1988ರಲ್ಲಿ ಇಲ್ಲಿ ಶುರುವಾದ ಸಿಡ್ಯಾಕ್ ಸಂಸ್ಥೆಯ ಜಿಸ್ಟ್ ತಂಡ ಭಾರತೀಯ ಲಿಪಿಗಳಿಗೆ ಕೆಲಸ ಮಾಡಿತು. ಇಸ್ಕಿ ಎಂಬ ಸಂಕೇತ ವ್ಯವಸ್ಥೆ 1991ರಲ್ಲಿ ಭಾರತೀಯ ಮಾನಕವಾಯಿತು. ಯೂನಿಕೋಡಿನ ಕನ್ನಡ ವಿಭಾಗದ ಜೋಡಣೆಗೆ ಅದರ 1988ರ ರೂಪವೇ ಆಧಾರ. ಅದರ ಮೂಲ ತತ್ವ ಇಷ್ಟೇ: ಏನು ಬರೆದಿದೆ ಎಂಬುದು ಬೇರೆ, ಹೇಗೆ ಕಾಣಿಸಬೇಕು ಎಂಬುದು ಬೇರೆ, ಎರಡನ್ನೂ ಗಂಟು ಹಾಕಬೇಡಿ. ಗಂಟು ಹಾಕಲೇಬೇಕಾಗಿ ಬಂದರೆ ಗಂಟು ಎಲ್ಲಿದೆ ಅಂತ ಹೇಳಿ.

ಕೋಡ್ ಜನರೇಟರ್ ಮಾಡೋದು ಗಂಟು ಹಾಕುವ ಕೆಲಸ. ಬ್ಯಾಂಕಿನ ಉದಾಹರಣೆಯೇ ತಗೊಳ್ಳಿ. ರಿಸರ್ವ್ ಬ್ಯಾಂಕಿನ ಆರ್‌ಟಿಜಿಎಸ್ ವ್ಯವಸ್ಥೆ 2013ರ ಅಕ್ಟೋಬರಿನಿಂದ ಐಎಸ್ಒ 20022 ಎಂಬ ಅಂತಾರಾಷ್ಟ್ರೀಯ ಸಂದೇಶ ಮಾನಕದಲ್ಲಿ ನಡೆಯುತ್ತಿದೆ. ಹಣ ಕಳಿಸುವುದಕ್ಕೆ ಒಂದು ಸಂದೇಶ, ಪ್ಯಾಕ್ಸ್ 008. ಹಣ ವಾಪಸ್ ಮಾಡುವುದಕ್ಕೆ ಇನ್ನೊಂದು, ಪ್ಯಾಕ್ಸ್ 004. ಪ್ರತಿ ಸಂದೇಶದಲ್ಲಿ ಯಾವ ಅಂಕಣ ಎಲ್ಲಿ ಬರಬೇಕು ಎಂಬುದಕ್ಕೆ ಸ್ಕೀಮಾ ಎಂಬ ನಮೂನೆ ಇರುತ್ತೆ. ನೂರಾರು ಅಂಕಣಗಳಿಗೆ ಕೈಯಲ್ಲಿ ಕೋಡ್ ಬರೆಯೋದು ಯಾರಿಗೆ ಬೇಕು? ಹಾಗಾಗಿ ಜಾವಾದಲ್ಲಿ ಎಕ್ಸ್‌ಜೆಸಿ ಅಂತ ಒಂದು ಜನರೇಟರ್ ಇದೆ. ನಮೂನೆ ಕೊಟ್ಟರೆ ಅದು ಜಾವಾ ಕ್ಲಾಸುಗಳನ್ನು ಹೆತ್ತುಕೊಡುತ್ತೆ. ಹುಟ್ಟಿದ ಕೋಡು ಸ್ವತಂತ್ರ ಅಲ್ಲ, ಓಡುವಾಗ ಅದಕ್ಕೆ ಜಾಕ್ಸ್‌ಬಿ ಎಂಬ ಲೈಬ್ರರಿ ಬೇಕು. ಕೋಡನ್ನು ಹೆತ್ತ ಜನರೇಟರಿನ ಆವೃತ್ತಿ ಒಂದು, ಓಡುವಾಗ ಸಿಗುವ ಲೈಬ್ರರಿಯ ಆವೃತ್ತಿ ಇನ್ನೊಂದು. ಅವೆರಡೂ ಕರೆಯೋಲೆ ಮತ್ತು ಫಾಂಟಿನ ಹಾಗೆ. ಜೋಡಿ.

ಈಗ ನನ್ನ ಮುಖ್ಯ ಆಕ್ಷೇಪ ಕೇಳಿ. ಬಿಲ್ಡ್ ಟೂಲಿನ ಕಣ್ಣಿಗೆ ಅವು ಜೋಡಿಯೇ ಅಲ್ಲ! ಮೇವನ್ ಫೈಲಿನಲ್ಲಿ ಜನರೇಟರ್ ಇರೋದು ಪ್ಲಗಿನ್ ಎಂಬ ವಿಭಾಗದಲ್ಲಿ, ಲೈಬ್ರರಿ ಇರೋದು ಡಿಪೆಂಡೆನ್ಸಿ ಎಂಬ ವಿಭಾಗದಲ್ಲಿ. ಎರಡಕ್ಕೂ ಬೇರೆ ಬೇರೆ ಪುಸ್ತಕ. ಅವಲಂಬನೆಗಳ ವಂಶವೃಕ್ಷ ತೋರಿಸು ಅಂತ ಆಜ್ಞೆ ಕೊಟ್ಟರೆ ಲೈಬ್ರರಿಗಳದ್ದು ಬರುತ್ತೆ, ಜನರೇಟರ್ ಬರೋದಿಲ್ಲ. ಹಾಗಾಗಿ ಹುಡುಗರು ಗಂಟೆಗಟ್ಟಲೆ ಆ ವೃಕ್ಷ ನೋಡಿ "ಎಲ್ಲ ಸರಿ ಇದೆ ಸರ್" ಅಂತಾರೆ. ಅವರು ಹೇಳೋದು ಸುಳ್ಳಲ್ಲ. ಕ್ಯಾಶ್ ಬುಕ್ ಒಂದನ್ನೇ ನೋಡಿ ನಗದು ಸರಿ ಇದೆ ಅಂದ ಹಾಗೆ. ಪೆಟ್ಟಿಗೆ ತೆರೆದು ಎಣಿಸಿದವರು ಯಾರು?

ಜಾಕ್ಸ್‌ಬಿಯ ಚರಿತ್ರೆ ಸ್ವಲ್ಪ ಹೇಳಲೇಬೇಕು, ಯಾಕಂದ್ರೆ ಇಂಥ ಅನ್ಯಾಯ ನಾನು ಬ್ಯಾಂಕಿಂಗಿನಲ್ಲೂ ಕಂಡಿಲ್ಲ. 2006ರಲ್ಲಿ ಬಂದ ಜಾವಾ 6ರಿಂದ ಈ ಲೈಬ್ರರಿ ಜಾವಾದ ಒಳಗೇ ಸೇರಿಕೊಂಡಿತ್ತು. ಮನೆಮಗನ ಹಾಗೆ. 2018ರ ಸೆಪ್ಟೆಂಬರಿನಲ್ಲಿ ಜಾವಾ 11 ಬಂದಾಗ ಅದನ್ನು ಮನೆಯಿಂದ ಹೊರಗೆ ಹಾಕಿದರು. ಬೇಕಾದವರು ಹೊರಗಿನಿಂದ ತರಿಸಿಕೊಳ್ಳಿ ಅಂದರು. ಸರಿ, ತರಿಸಿಕೊಂಡರು. ಅಷ್ಟರಲ್ಲಿ ಇನ್ನೊಂದು ವ್ಯಾಜ್ಯ. ಎಂಟರ್‌ಪ್ರೈಸ್ ಜಾವಾದ ಈ ಭಾಗಗಳನ್ನೆಲ್ಲ ಒರಾಕಲ್ ಕಂಪನಿ 2017ರಲ್ಲಿ ಎಕ್ಲಿಪ್ಸ್ ಫೌಂಡೇಷನ್ನಿಗೆ ಒಪ್ಪಿಸುವುದಾಗಿ ಹೇಳಿತು. ಆದರೆ 'ಜಾವಾಎಕ್ಸ್' ಎಂದು ಶುರುವಾಗುವ ಹಳೇ ಹೆಸರಿನಲ್ಲಿ ಬದಲಾವಣೆ ಮಾಡುತ್ತ ಹೋಗುವ ಹಕ್ಕಿನ ಬಗ್ಗೆ ಇಬ್ಬರಿಗೂ ಒಪ್ಪಂದ ಆಗಲಿಲ್ಲ. ಟ್ರೇಡ್‌ಮಾರ್ಕಿನ ಪ್ರಶ್ನೆ. 2019ರ ಮೇ ತಿಂಗಳಲ್ಲಿ ಅದು ಜಗಜ್ಜಾಹೀರಾಯಿತು. 2020ರ ಡಿಸೆಂಬರಿನಲ್ಲಿ ಬಂದ ಜಕಾರ್ತಾ 9ನೇ ಆವೃತ್ತಿಯಲ್ಲಿ ಒಳಗಿನ ಹೆಸರುಗಳೆಲ್ಲ 'ಜಾವಾಎಕ್ಸ್' ಹೋಗಿ 'ಜಕಾರ್ತಾ' ಆದವು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಆ ಕೂಸು ಲೋಕದ ಎಲ್ಲ ಹಳೇ ಜಾವಾ ಕೋಡು.

ಇಷ್ಟೇ ಆಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಆದರೆ ಹೊರಗೆ ಹಾಕಿದ ಆ ಲೈಬ್ರರಿಯ ಪೊಟ್ಟಣಕ್ಕೆ ಜಕಾರ್ತಾ ಎಂಬ ಲೇಬಲ್ಲನ್ನು 2.3ನೇ ಆವೃತ್ತಿಯಲ್ಲೇ ಅಂಟಿಸಿದ್ದರು. ಹೊರಗಿನ ಲೇಬಲ್ ಹೊಸದು, ಒಳಗಿನ ಸಾಮಾನು ಮಾತ್ರ ಹಳೇ 'ಜಾವಾಎಕ್ಸ್' ಹೆಸರಿನದೇ. 3ನೇ ಆವೃತ್ತಿಯಲ್ಲಿ ಲೇಬಲ್ ಅದೇ ಉಳಿಯಿತು, ಒಳಗಿನ ಸಾಮಾನೇ ಬದಲಾಯಿತು. ಈಗ ಒಂದು ಭಾಗ 2.3 ಕೇಳಿತು, ಇನ್ನೊಂದು ಭಾಗ 4.0 ಕೇಳಿತು. ಟೂಲ್ ಲೇಬಲ್ ನೋಡುತ್ತೆ. ಓಹೋ, ಒಂದೇ ಸಾಮಾನಿನ ಎರಡು ಆವೃತ್ತಿ, ದೊಡ್ಡದನ್ನೇ ಇಟ್ಟುಕೊಳ್ಳೋಣ ಅನ್ನುತ್ತೆ. 4.0 ಉಳಿಯುತ್ತೆ. ಹಳೇ ಹೆಸರಿನ ಕ್ಲಾಸುಗಳು ಕೊಠಡಿಯಿಂದಲೇ ಮಾಯ. ಬಿಲ್ಡ್ ಸಕ್ಸೆಸ್!

"ಮಾಯವಾದರೆ ಬಿಲ್ಡ್ ಹೊತ್ತಿಗೇ ಗೊತ್ತಾಗಬೇಕಲ್ಲ?" ಒಳ್ಳೆಯ ಪ್ರಶ್ನೆ. ಜನರೇಟ್ ಆದ ಕೋಡನ್ನು ನಮ್ಮ ಮನೆಯಲ್ಲೇ, ಅದೇ ಬಿಲ್ಡಿನಲ್ಲಿ ಕಂಪೈಲ್ ಮಾಡಿದರೆ ಗೊತ್ತಾಗುತ್ತೆ, ಕಂಪೈಲರ್ ಕೂಗಿಕೊಳ್ಳುತ್ತೆ. ಆದರೆ ಬಹಳ ಕಡೆ ಆ ಕೋಡು ಯಾವಾಗಲೋ, ಯಾರೋ ಕಂಪೈಲ್ ಮಾಡಿಟ್ಟ ಜಾರ್ ಫೈಲಿನ ರೂಪದಲ್ಲಿ ಬಂದಿರುತ್ತೆ. ಅದನ್ನು ಯಾರೂ ಮತ್ತೆ ಬಿಚ್ಚಿ ನೋಡಲ್ಲ. ಜಾವಾ ಕೂಡ ಒಂದು ಕ್ಲಾಸನ್ನು ಮೊದಲ ಸಲ ಬೇಕಾದಾಗಲೇ ಹುಡುಕೋದು. ಅಲ್ಲಿಯವರೆಗೆ ಎಲ್ಲ ಸುಸೂತ್ರ. ಆ ದಾರಿಯಲ್ಲಿ ಮೊದಲ ಮನುಷ್ಯ ಕಾಲಿಟ್ಟ ದಿನ ನೆಲ ಕುಸಿಯುತ್ತೆ.

ನನ್ನ ಕಣ್ಣೆದುರೇ ಕುಸಿದಿದೆ. ಕೆಲವು ವರ್ಷಗಳ ಹಿಂದೆ ಹೊರಗಿನ ಒಂದು ಕಂಪನಿ (ಹೆಸರು ಬೇಡ) ನಮ್ಮ ಪಾವತಿ ವ್ಯವಸ್ಥೆಗೆ ಹೊಸ ಭಾಗ ಸೇರಿಸಿಕೊಟ್ಟಿತು. ಹಣ ಕಳಿಸುವ ದಾರಿಯ ಪರೀಕ್ಷೆಗಳೆಲ್ಲ ಪಾಸು. ವಾಪಸ್ ಬರುವ ದಾರಿಯ ಕೋಡು ಹಳೇ ಜಾರ್ ಫೈಲಿನಲ್ಲಿತ್ತು. "ಅದನ್ನ ನಾವು ಮುಟ್ಟೇ ಇಲ್ಲ ಸರ್, ಹಾಗಾಗಿ ಪರೀಕ್ಷೆ ಬೇಕಿಲ್ಲ" ಅಂತ ಅವರು ಲಿಖಿತವಾಗಿಯೇ ಕೊಟ್ಟಿದ್ದರು. ಕೋಡು ಮುಟ್ಟಿರಲಿಲ್ಲ, ನಿಜ. ಅದು ನಿಂತಿದ್ದ ನೆಲವನ್ನು ಬದಲಿಸಿದ್ದರು.

ಹೊಸದು ಶುರುವಾದ ದಿನವೇ ಕಲಬುರಗಿ ಕಡೆಯ ಹಿರಿಯರೊಬ್ಬರು ಹೆಂಡತಿಯ ಶಸ್ತ್ರಚಿಕಿತ್ಸೆಗೆ ಅಂತ ಒಂದು ಆಸ್ಪತ್ರೆಗೆ ನಾಲ್ಕು ಲಕ್ಷ ರೂಪಾಯಿ ಆರ್‌ಟಿಜಿಎಸ್ ಮಾಡಿದರು. ಕೊಟ್ಟ ಖಾತೆ ಸಂಖ್ಯೆ ಮುಚ್ಚಿಹೋದ ಖಾತೆಯದು. ಆ ಕಡೆಯ ಬ್ಯಾಂಕು ನಿಯಮದ ಪ್ರಕಾರ ಹಣ ವಾಪಸ್ ಕಳಿಸಿತು. ವಾಪಸ್ ಸಂದೇಶ ನಮ್ಮ ಬಾಗಿಲಿಗೂ ಬಂತು. ಅದನ್ನು ಓದಬೇಕಾದ ಕ್ಲಾಸು ಎದ್ದು ಜಾಕ್ಸ್‌ಬಿಯನ್ನು ಹಳೇ ಹೆಸರಿನಲ್ಲಿ ಕೂಗಿತು. ಓಗೊಡಲು ಯಾರೂ ಇರಲಿಲ್ಲ. ಹಣ ಬ್ಯಾಂಕಿಗೆ ಬಂದಿದೆ, ಖಾತೆಗೆ ಬಂದಿಲ್ಲ. ಒಂದೂವರೆ ದಿನ ಅದು ಸಸ್ಪೆನ್ಸ್ ಖಾತೆಯಲ್ಲಿ ಕೂತಿತ್ತು. ಆ ಹಿರಿಯರು ಕೌಂಟರಿನ ಮುಂದೆ ನಿಂತು, ಇಲ್ಲೊಬ್ಬ ಕನ್ನಡದವನಿದ್ದಾನೆ ಅಂತ ಗೊತ್ತಾಗಿ ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಮಾತು. "ಸಾಹೇಬ್ರ, ಆಸ್ಪತ್ರಿಯವರು ಬಂದಿಲ್ಲ ಅಂತಾರ, ನೀವು ಹೋಗೇದ ಅಂತೀರಿ. ಹಂಗಾರ ನನ್ನ ರೊಕ್ಕ ಎಲ್ಲಿ ಐತಿ?"

ಕೈಯಾರೆ ನಮೂದು ಹಾಕಿ ಅವರ ಹಣ ಅವರಿಗೆ ಕೊಟ್ಟೆವು, ಆ ಮಾತು ಬೇರೆ. ಆಮೇಲೆ ಕಂಪನಿಯವರನ್ನು ಕೂರಿಸಿಕೊಂಡು ಆ ಹಳೇ ಕೋಡಿನ ಮೂಲ ಫೈಲು ತೆರೆಸಿದೆ. ಎಕ್ಸ್‌ಜೆಸಿ ತಾನು ಹೆತ್ತ ಪ್ರತಿ ಫೈಲಿನ ನೆತ್ತಿಯ ಮೇಲೆ ತನ್ನ ಆವೃತ್ತಿಯನ್ನೂ ಬರೆದಿರುತ್ತೆ. ಅಲ್ಲಿ ಸ್ಪಷ್ಟವಾಗಿ 2.2 ಅಂತ ಇತ್ತು. ಓಡುವಾಗ ಕೊಟ್ಟ ಲೈಬ್ರರಿ 4.0. ಬಿ.ಕಾಂ. ಓದಿದವನಿಗೂ ಕಾಣುವ ಹಾಗೆ ಬರೆದಿಟ್ಟ ಸಂಖ್ಯೆ! ಯಂತ್ರ ಓದಲಿಲ್ಲ, ಮನುಷ್ಯರೂ ಓದಲಿಲ್ಲ. ಅವರ ಉತ್ತರ ಏನಿತ್ತು ಗೊತ್ತೇ? "ಕಾನ್‌ಫ್ಲಿಕ್ಟ್ ಬಂದಿತ್ತು ಸರ್, ಆದರೆ ರಿಸಾಲ್ವ್ ಆಗಿತ್ತು."

ರಿಸಾಲ್ವ್ ಅಂತೆ! ಯಾರಿಗೆ ರಿಸಾಲ್ವ್ ಆಯ್ತು? ಈ ಪದವನ್ನೇ ನಾನು ಒಪ್ಪಲ್ಲ. ಇಬ್ಬರು ಜಗಳವಾಡುವಾಗ ಒಬ್ಬನನ್ನು ಕೋಣೆಯಿಂದ ಹೊರಗೆ ತಳ್ಳಿ ಬಾಗಿಲು ಹಾಕಿದರೆ ಜಗಳ ಬಗೆಹರಿಯಿತು ಅಂತಲ್ಲ. ಸದ್ದು ಕೇಳಿಸಲ್ಲ, ಅಷ್ಟೇ.

ಇದಕ್ಕೆ ವಿರುದ್ಧವಾಗಿ ನಡೆದ ಒಂದು ಪ್ರಸಂಗ ಹೇಳ್ತೀನಿ. ಗೂಗಲ್ಲಿನ ಪ್ರೋಟೋಬಫ್ ಅಂತ ಇನ್ನೊಂದು ವ್ಯವಸ್ಥೆ ಇದೆ. ಅಲ್ಲೂ ಇದೇ ಜೋಡಿ. ಪ್ರೋಟಾಕ್ ಎಂಬ ಜನರೇಟರ್, ಓಡುವಾಗ ಒಂದು ಲೈಬ್ರರಿ. 2022ರ ಮೇ ತಿಂಗಳಲ್ಲಿ ಅದರ ಪೈಥಾನ್ ಲೈಬ್ರರಿ 3.20ರಿಂದ ಒಮ್ಮೆಲೇ 4.21ಕ್ಕೆ ಹಾರಿತು. ಪ್ರೋಟಾಕ್ 3.19ಕ್ಕಿಂತ ಹಳೆಯದರಿಂದ ಹುಟ್ಟಿದ ಕೋಡು ಕಂಡರೆ ಅದು ಕೆಲಸ ಮಾಡಲು ನಿರಾಕರಿಸಿ, "ನಿಮ್ಮ ಕೋಡು ಹಳೆಯದಾಗಿದೆ, ಹೊಸ ಪ್ರೋಟಾಕಿನಿಂದ ಮತ್ತೆ ಹುಟ್ಟಿಸಿಕೊಳ್ಳಿ" ಎಂಬ ಅರ್ಥದ ಸಂದೇಶ ಕೊಟ್ಟು ನಿಂತುಬಿಟ್ಟಿತು. ಟೆನ್ಸರ್‌ಫ್ಲೋ ಥರದ ದೊಡ್ಡ ದೊಡ್ಡ ಹೆಸರಿನವರೂ ತತ್ತರಿಸಿದರು. ಲೋಕವೆಲ್ಲ ಗೂಗಲ್ಲಿಗೆ ಹಿಡಿಶಾಪ ಹಾಕಿತು. ನಾನು ಮಾತ್ರ ಅವರನ್ನು ಅರ್ಧ ಹೊಗಳುತ್ತೇನೆ. ಹಾಗೆ ಏಕಾಏಕಿ ಮುರಿದದ್ದು ಒರಟುತನ, ಸರಿ. ಆದರೆ ಮುರಿದಾಗ ಏನು ಮುರಿಯಿತು, ಯಾಕೆ ಮುರಿಯಿತು, ಏನು ಮಾಡಬೇಕು, ಮೂರನ್ನೂ ಒಂದೇ ಸಂದೇಶದಲ್ಲಿ ಹೇಳಿತು. ಕೂಗಿ ನಿಂತಿತು. ಸುಮ್ಮನೆ ಬೇರೆ ಫಾಂಟು ಹಾಕಿ ತೋರಿಸಲಿಲ್ಲ. ಈಚಿನ ಆವೃತ್ತಿಗಳಲ್ಲಂತೂ ಹುಟ್ಟಿದ ಕೋಡಿನೊಳಗೇ ಒಂದು ತಪಾಸಣೆ ಸಾಲು ಇರುತ್ತೆ: ನಾನು ಇಂಥ ಆವೃತ್ತಿಯಿಂದ ಹುಟ್ಟಿದವನು, ನನಗಿಂತ ಹಳೇ ಲೈಬ್ರರಿಯ ಮೇಲೆ ಓಡಲ್ಲ. ಹುಟ್ಟಿದ ಕೂಸಿಗೆ ಜನನ ಪ್ರಮಾಣಪತ್ರ ಕೊಟ್ಟು, ಬಾಗಿಲಲ್ಲಿ ಅದನ್ನು ನೋಡುವ ಕಾವಲುಗಾರನನ್ನೂ ಇಟ್ಟ ಹಾಗೆ. ಎಕ್ಸ್‌ಜೆಸಿ ಪ್ರಮಾಣಪತ್ರ ಮಾತ್ರ ಕೊಟ್ಟಿತ್ತು, ಕಾವಲುಗಾರ ಇರಲಿಲ್ಲ.

ಗೋ ಭಾಷೆಯವರದು ಇನ್ನೂ ಒಂದು ಹೆಜ್ಜೆ ಮುಂದೆ. 2018ರಲ್ಲಿ ರಸ್ ಕಾಕ್ಸ್ ಎಂಬುವರು ರೂಪಿಸಿದ ಪದ್ಧತಿಯಲ್ಲಿ, ಹಳೆಯದರೊಂದಿಗೆ ಹೊಂದದ ದೊಡ್ಡ ಬದಲಾವಣೆ ಮಾಡಿದರೆ ಲೈಬ್ರರಿಯ ಹೆಸರನ್ನೇ ಬದಲಿಸಬೇಕು, ಹೆಸರಿನ ಬಾಲದಲ್ಲಿ ಆವೃತ್ತಿ ಸಂಖ್ಯೆ ಸೇರಿಸಬೇಕು. ಹೊಸ ಸಾಮಾನಿಗೆ ಹಳೇ ಲೇಬಲ್ ಅಂಟಿಸುವ ಆಟವೇ ಇಲ್ಲ. ಇದೇನು ಮಹಾ ಸಂಶೋಧನೆಯೇ? ಐಎಸ್ಒ 20022 ಸಂದೇಶದ ಪೂರ್ತಿ ಹೆಸರು ನೋಡಿ, ಪ್ಯಾಕ್ಸ್ 008.001.08. ಕೊನೆಯ ಎರಡು ಅಂಕಿ ಆವೃತ್ತಿ. ಬ್ಯಾಂಕಿಂಗಿನವರು ಸಂದೇಶದ ಹೆಸರಿನಲ್ಲೇ ಆವೃತ್ತಿ ಬರೆದರು. ಆ ಸಂದೇಶ ಓದುವ ಕೋಡು ಬರೆದುಕೊಡುವವರು ಮಾತ್ರ ಒಂದೇ ಹೆಸರಿನಲ್ಲಿ ಎರಡು ಬಗೆ ಸಾಮಾನು ಮಾರಿದರು.

ನನ್ನ ತಂಗಿಯ ಮಗಳು ಹಿಂಜವಡಿಯಲ್ಲೇ ಕೆಲಸ ಮಾಡೋದು. ಜಾಣೆ. ನನ್ನ ಈ ವಾದವನ್ನೆಲ್ಲ ಒಂದು ಭಾನುವಾರ ಮನೆಗೆ ಊಟಕ್ಕೆ ಬಂದಾಗ ಕೇಳಿಸಿಕೊಂಡು ನಕ್ಕಳು. "ಮಾಮಾ, ನಮ್ಮ ಒಂದು ಪ್ರಾಜೆಕ್ಟಿನ್ಯಾಗ ಮುನ್ನೂರು ಲೈಬ್ರರಿ ಅದಾವ. ಒಂದೊಂದು ಭಿನ್ನಾಭಿಪ್ರಾಯಕ್ಕೂ ಬಿಲ್ಡ್ ನಿಲ್ಲಿಸಿದ್ರ ನಾವು ವರ್ಷಾನುಗಟ್ಟಲೆ ಬಿಲ್ಡೇ ಮಾಡಂಗಿಲ್ಲ. ಹತ್ತರಾಗ ಒಂಬತ್ತು ಸಲ ಟೂಲ್ ಆರಿಸಿದ್ದು ಸರೀನೇ ಇರ್ತದ."

ಅವಳ ಮಾತಿನಲ್ಲಿ ಹುರುಳಿದೆ. 2.3.1 ಮತ್ತು 2.3.2 ನಡುವಿನ ಜಗಳಕ್ಕೆ ಊರು ಹೊತ್ತಿಸಬೇಕಿಲ್ಲ. ದೊಡ್ಡದನ್ನು ಇಟ್ಟುಕೊಂಡರೆ ಸಾಮಾನ್ಯವಾಗಿ ನಡೆಯುತ್ತೆ. ಆದರೆ ಹತ್ತನೆಯದು ಯಾವುದು ಅಂತ ಅವಳಿಗೆ ಮೊದಲೇ ಗೊತ್ತಿರುತ್ತಾ? ನಾನು ಕೇಳಿದ್ದು ಅಷ್ಟೇ. ಉತ್ತರ ಬರಲಿಲ್ಲ, ಹೋಳಿಗೆಗೆ ತುಪ್ಪ ಹಾಕಿಸಿಕೊಂಡಳು.

ಬ್ಯಾಂಕಿನಲ್ಲೂ ಎಲ್ಲ ವ್ಯತ್ಯಾಸ ಅದೇ ದಿನ ಬಗೆಹರಿಯಲ್ಲ. ಅದಕ್ಕೇ ಸಸ್ಪೆನ್ಸ್ ಖಾತೆ ಅಂತ ಇರೋದು. ಅದು ಇರೋದು ತಪ್ಪಲ್ಲ. ಆದರೆ ಅದಕ್ಕೆ ಶಿಸ್ತಿದೆ. ಪ್ರತಿ ನಮೂದಿಗೂ ತಾರೀಖು, ಕಾರಣ, ಹಾಕಿದವರ ಸಹಿ, ಅದು ಎಷ್ಟು ದಿನದಿಂದ ಕೂತಿದೆ ಎಂಬ ವಯಸ್ಸಿನ ಪಟ್ಟಿ. ಅಂತರಶಾಖಾ ಲೆಕ್ಕದಲ್ಲಿ ಆರು ತಿಂಗಳು ಮೀರಿಯೂ ತಾಳೆಯಾಗದೆ ಉಳಿದ ನಮೂದುಗಳ ನಿವ್ವಳ ಡೆಬಿಟ್ಟಿಗೆ ನೂರಕ್ಕೆ ನೂರು ಪ್ರಾವಿಷನ್ ಮಾಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿತು. ಅಂದರೆ ಆ ಹಣ ಹೋಯಿತೆಂದೇ ತಿಳಿದು ಲಾಭದಿಂದ ಅಷ್ಟನ್ನೂ ಕತ್ತರಿಸಿ ಪಕ್ಕಕ್ಕಿಡಬೇಕು. ಸುಮ್ಮನಿರುವುದಕ್ಕೆ ಬೆಲೆ ಕಟ್ಟಿದ ದಿನದಿಂದ ಮೂಲೆಯಲ್ಲಿದ್ದ ವೋಚರುಗಳೆಲ್ಲ ಹೊರಗೆ ಬಂದವು, ನಾನೇ ರಾತ್ರಿ ಕೂತು ಹುಡುಕಿದವನು.

ಬಿಲ್ಡ್ ಫೈಲುಗಳಲ್ಲಿ 'ಎಕ್ಸ್‌ಕ್ಲೂಡ್' ಅಂತ ಒಂದು ಸಾಲು ಬರುತ್ತೆ, 'ಫೋರ್ಸ್' ಅಂತ ಇನ್ನೊಂದು. ಇದನ್ನು ಬಿಟ್ಟುಬಿಡು, ಇದನ್ನೇ ಹಿಡಿ. ಪಕ್ಕಾ ಸಸ್ಪೆನ್ಸ್ ನಮೂದುಗಳು. ಆದರೆ ತಾರೀಖಿಲ್ಲ, ಕಾರಣವಿಲ್ಲ, ಸಹಿಯಿಲ್ಲ. ಹಾಕಿದ ಹುಡುಗ ಕಂಪನಿ ಬಿಟ್ಟು ಬೆಂಗಳೂರಿಗೋ ಬರ್ಲಿನ್ನಿಗೋ ಹೋಗಿ ಐದು ವರ್ಷ ಆಗಿರುತ್ತೆ. ತೆಗೆದರೆ ಏನಾಗುತ್ತೋ ಅಂತ ಯಾರೂ ಮುಟ್ಟಲ್ಲ. ದೆವ್ವದ ಮರದ ಹಾಗೆ ಸುತ್ತಿಕೊಂಡು ಹೋಗ್ತಾರೆ.

ಇನ್ನು ಕೆಲವರು ಶೇಡಿಂಗ್ ಅಂತ ಒಂದು ಉಪಾಯ ಮಾಡ್ತಾರೆ. ತಮಗೆ ಬೇಕಾದ ಆವೃತ್ತಿಗೆ ಬೇರೆ ಹೆಸರಿಟ್ಟು ತಮ್ಮ ಜಾರ್ ಫೈಲಿನ ಹೊಟ್ಟೆಯೊಳಗೇ ಇಟ್ಟುಕೊಳ್ಳೋದು. ಜಗಳವೇ ಇಲ್ಲ, ಇಬ್ಬರಿಗೂ ಅವರವರದು. ಕೆಲವೊಮ್ಮೆ ಬೇರೆ ದಾರಿ ಇರಲ್ಲ, ಒಪ್ಪುತ್ತೇನೆ. ಆದರೆ 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಲೈಬ್ರರಿಯಲ್ಲಿ ಭಾರೀ ತೂತು ಪತ್ತೆಯಾದಾಗ ಲೋಕದ ಬ್ಯಾಂಕುಗಳೆಲ್ಲ ಕೇಳಿಕೊಂಡ ಮೊದಲ ಪ್ರಶ್ನೆ, "ಅದು ನಮ್ಮಲ್ಲಿ ಎಲ್ಲೆಲ್ಲಿ ಇದೆ?" ಪಟ್ಟಿಯಲ್ಲಿದ್ದದ್ದು ಸಿಕ್ಕಿತು. ಹೀಗೆ ಹೊಟ್ಟೆಯೊಳಗೆ ಅಡಗಿದ್ದದ್ದನ್ನು ಹುಡುಕುವಷ್ಟರಲ್ಲಿ ಸಾಕುಬೇಕಾಯಿತು. 2024ರ ಅಕ್ಟೋಬರಿನಲ್ಲಿ ಸರ್ಟ್-ಇನ್ ತಂತ್ರಾಂಶದ ಒಳಸಾಮಗ್ರಿ ಪಟ್ಟಿ ಹೇಗಿರಬೇಕು ಅಂತ ಮಾರ್ಗಸೂಚಿ ಕೊಟ್ಟಿದೆ. ಸಂತೋಷ. ಆದರೆ ಎಷ್ಟು ಪಟ್ಟಿಗಳಲ್ಲಿ ಕೋಡನ್ನು ಹೆತ್ತ ಜನರೇಟರಿನ ಹೆಸರು ಬರುತ್ತೆ ಅಂತ ನಿಮ್ಮ ಮನೆಯ ಇಂಜಿನಿಯರನ್ನು ಕೇಳಿ ನೋಡಿ.

ಒಂದು ಆವೃತ್ತಿಯ ಹೊಂದಾಣಿಕೆ ತಪ್ಪಿದರೆ ಏನು ಮಹಾ ಅನ್ನುವವರಿಗೆ 2012ರ ಆಗಸ್ಟ್ 1 ನೆನಪಿಸುತ್ತೇನೆ. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಶೇರು ವಹಿವಾಟಿನ ಕಂಪನಿ. ಎಂಟು ಸರ್ವರುಗಳಲ್ಲಿ ಏಳಕ್ಕೆ ಹೊಸ ಕೋಡು ಹಾಕಿದರು, ಎಂಟನೆಯದರಲ್ಲಿ ಹಳೆಯದೇ ಉಳಿಯಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ನಷ್ಟ. ಅದು ಲೈಬ್ರರಿ ಜಗಳ ಅಲ್ಲ, ಬೇರೆ ಜಾತಿಯದು. ಆದರೆ ಎಂಟನೆಯದು ಹಳೆಯದು ಅಂತ ಯಾವ ಯಂತ್ರವೂ ಬಾಯಿ ಬಿಡದಿದ್ದದ್ದು ಮಾತ್ರ ಅದೇ ಜಾತಿ.

ಹಾಗಾದರೆ ಮಾಡಬೇಕಾದ್ದೇನು? ಹೊಸ ಟೂಲ್ ಬೇಡ, ಇರುವ ಟೂಲಿನ ಬಾಯಿಗೆ ತುರುಕಿದ ಬಟ್ಟೆ ತೆಗೆದರೆ ಸಾಕು. ಮೇವನ್ನಿಗೆ ಎನ್‌ಫೋರ್ಸರ್ ಅಂತ ಪ್ಲಗಿನ್ ಇದೆ. ಅದರಲ್ಲಿ ಎಲ್ಲರೂ ಒಂದೇ ಆವೃತ್ತಿಗೆ ಬರಲೇಬೇಕು ಎಂಬ ನಿಯಮ ಹಾಕಬಹುದು, ಅಥವಾ ಯಾರೂ ಕೇಳಿದ್ದಕ್ಕಿಂತ ಹಳೆಯದು ಸಿಗಬಾರದು ಎಂಬ ಸಡಿಲ ನಿಯಮ ಹಾಕಬಹುದು. ಗ್ರೇಡಲ್ಲಿನಲ್ಲೂ ಭಿನ್ನಾಭಿಪ್ರಾಯ ಕಂಡರೆ ನಿಲ್ಲು ಎಂಬ ಒಂದು ಸಾಲಿನ ಆಜ್ಞೆ ಇದೆ. ವರ್ಷಗಳಿಂದ ಇವೆ. ಹಾಕುವವರು ಕಡಿಮೆ, ಯಾಕಂದ್ರೆ ಹಾಕಿದ ದಿನ ಬಿಲ್ಡ್ ನಿಲ್ಲುತ್ತೆ, ಮ್ಯಾನೇಜರ್ ಬಯ್ಯುತ್ತಾನೆ. ಇಲ್ಲಿ ನನ್ನ ಬೈಗುಳ ಹುಡುಗರಿಗಲ್ಲ, ಆ ಮ್ಯಾನೇಜರಿಗೆ. ಶುಕ್ರವಾರದ ಹಸಿರು ಅಕ್ಷರಕ್ಕೆ ಬಡ್ತಿ ಕೊಟ್ಟು, ಸೋಮವಾರದ ತಾಳೆಗೆ ಸಮಯ ಕೊಡದವನು ಅವನೇ.

ಆದರೆ ಇವು ಯಾವುವೂ ಜನರೇಟರನ್ನು ಹಿಡಿಯಲ್ಲ, ಅದನ್ನು ಮತ್ತೆ ಹೇಳ್ತೀನಿ. ಅದಕ್ಕೆ ಕೈಕೆಲಸವೇ ಬೇಕು. ಜನರೇಟರ್ ಮತ್ತು ಅದರ ಲೈಬ್ರರಿ, ಎರಡರ ಸಂಖ್ಯೆಯನ್ನೂ ಫೈಲಿನ ಒಂದೇ ಜಾಗದಲ್ಲಿ ಬರೆದು ಎರಡೂ ವಿಭಾಗ ಅಲ್ಲಿಂದಲೇ ಓದುವಂತೆ ಮಾಡಿ. ಹುಟ್ಟಿದ ಕೋಡನ್ನು ವರ್ಷಗಟ್ಟಲೆ ಉಪ್ಪಿನಕಾಯಿ ಹಾಕಿಡಬೇಡಿ, ಪ್ರತಿ ಬಿಲ್ಡಿನಲ್ಲೂ ನಮೂನೆಯಿಂದ ಹೊಸದಾಗಿ ಹುಟ್ಟಿಸಿ. ಹೊರಗಿನಿಂದ ಬಂದ ಜಾರ್ ಫೈಲಿನಲ್ಲಿ ಜನರೇಟ್ ಆದ ಕೋಡಿದ್ದರೆ ಅದು ಯಾವ ಆವೃತ್ತಿಯಿಂದ ಹುಟ್ಟಿದ್ದು ಅಂತ ಲಿಖಿತವಾಗಿ ಕೇಳಿ. ಎಕ್ಸ್‌ಕ್ಲೂಡ್ ಸಾಲು ಬರೆಯಲೇಬೇಕಾದರೆ ಪಕ್ಕದಲ್ಲಿ ಹೆಸರು, ತಾರೀಖು, ಕಾರಣ ಬರೆಯಿರಿ.

ಆ ಕುರ್ಚಿ ಬಿಡುವ ಮುಂಚೆ ನಮ್ಮ ಸ್ವೀಕಾರ ಪರೀಕ್ಷೆಯ ನಮೂನೆಗೆ ನಾನು ಮೂರು ಅಂಕಣ ಸೇರಿಸಿ ಬಂದೆ: ಜನರೇಟರಿನ ಆವೃತ್ತಿ, ಓಡುವ ಲೈಬ್ರರಿಯ ಆವೃತ್ತಿ, ಎರಡನ್ನೂ ತಾಳೆ ನೋಡಿದವರ ಸಹಿ. ಮೊದಲ ಸಭೆಯಲ್ಲಿ ಕಂಪನಿಯವರು "ಇಷ್ಟು ಒಳಗಿನ ವಿಷಯ ಗ್ರಾಹಕರು ಕೇಳೋದು ಪದ್ಧತಿ ಇಲ್ಲ ಸರ್" ಅಂದರು. ನಾಲ್ಕು ಲಕ್ಷದ ವೋಚರಿನ ಪ್ರತಿಯನ್ನು ಮೇಜಿನ ಮೇಲಿಟ್ಟೆ. ಅಂಕಣ ಉಳಿಯಿತು. ಮೊನ್ನೆ ತಂಗಿಯ ಮಗಳು ಫೋನ್ ಮಾಡಿದ್ದಳು. ಅವರ ತಂಡದಲ್ಲಿ ಎನ್‌ಫೋರ್ಸರ್ ನಿಯಮ ಹಾಕಿ ನೋಡಿದರಂತೆ. ಮೊದಲ ದಿನ ನಲವತ್ತೊಂದು ಕಡೆ ಕೂಗಿತಂತೆ. ಏಳನ್ನು ಸರಿ ಮಾಡಿದ್ದಾರೆ, ಉಳಿದ ಮೂವತ್ತನಾಲ್ಕು ತಾರೀಖು ಸಹಿತ ಪಟ್ಟಿಯಲ್ಲಿವೆ.